ಓಟವೆಂಬ ನೇಮ

ಧಾರವಾಡದ ಬೀದಿಗಳಲ್ಲಿ ಹಿರಿಯರು ಮುಂಜಾನೆ ನಡೆಯುವುದು ಹೊಸತೇನಲ್ಲ. ಕೈಯಲ್ಲೊಂದು ಬೆತ್ತ, ಕಿವಿಗೆ ಸುತ್ತಿದ ಮಫ್ಲರು, ಬಾಯಲ್ಲಿ ಶಿವನಾಮ; ಇಂಥವರನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಐವತ್ತು ದಾಟಿದವರು ಓಡತೊಡಗಿದರೆ ಮಾತು ಬೇರೆಯಾಗುತ್ತದೆ. ಹಾಲು ಹಾಕುವವನು ಗಾಡಿ ನಿಲ್ಲಿಸಿ, "ಯಾಕ್ರೀ, ಏನಾತ್ರೀ?" ಎಂದು ಗಾಬರಿಯಿಂದ ಕೇಳುತ್ತಾನೆ. ನಮ್ಮ ಜನರ ಮನಸ್ಸಿನಲ್ಲಿ ಓಟವೆಂದರೆ ಬಸ್ಸು ತಪ್ಪುವ ಅವಸರ, ಇಲ್ಲವೆ ಆಸ್ಪತ್ರೆಯ ಅವಸರ. ಕಾರಣವಿಲ್ಲದೆ ಓಡುವುದು ಮಕ್ಕಳಿಗೆ ಮಾತ್ರ ಸಲ್ಲುವ ಕೆಲಸವೆಂದು ಬಹು ಕಾಲದಿಂದ ತಿಳಿದುಕೊಂಡು ಬಂದಿದ್ದೇವೆ.

ನಾವು ಏಳು ಜನ, ಒಂದೇ ಓಣಿಯವರು, ಐದು ವರ್ಷಗಳಿಂದ ಓಡುತ್ತಿದ್ದೇವೆ. ನಾಲ್ವರು ಪುರುಷರು, ಮೂವರು ಮಹಿಳೆಯರು. ಎಲ್ಲರಿಗಿಂತ ಹಿರಿಯರು ಅಂಚೆ ಇಲಾಖೆಯಿಂದ ನಿವೃತ್ತರಾದ, ಅರವತ್ತೇಳರ ಪ್ರಾಯದ ಕಾಕಾ. ಎಲ್ಲರಿಗಿಂತ ಕಿರಿಯವಳು ಬ್ಯಾಂಕಿನಲ್ಲಿ ಕೆಲಸ ಮಾಡುವ, ಮೂವತ್ತೆಂಟರ ತಂಗಿ. ನಡುವೆ ಇರುವವರಲ್ಲಿ ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳು ಕರೆಯುವಂತೆ ನಾವೂ ಅವರನ್ನು ಅಕ್ಕೋರು ಎಂದೇ ಕರೆಯುತ್ತೇವೆ. ನಮ್ಮಲ್ಲಿ ಯಾರೂ ಕ್ರೀಡಾಪಟುಗಳಲ್ಲ. ಮೂವರಿಗೆ ಸಕ್ಕರೆ ಕಾಯಿಲೆ, ಇಬ್ಬರಿಗೆ ರಕ್ತದೊತ್ತಡ. ವೈದ್ಯರ ಎಚ್ಚರಿಕೆಯೇ ನಮ್ಮನ್ನು ಬೀದಿಗೆ ತಂದಿತೆಂದರೆ ತಪ್ಪಾಗಲಾರದು.

ಮಠದಲ್ಲಿ, ಮದುವೆಮನೆಯಲ್ಲಿ ಬಂಧುಗಳು ನಮ್ಮನ್ನು ಕೇಳುವ ಪ್ರಶ್ನೆಗಳು ಎರಡೇ. ದಿನವೂ ಏಳುವ ಮನಸ್ಸು ಎಲ್ಲಿಂದ ಬರುತ್ತದೆ? ಮೊಣಕಾಲು ಸವೆದುಹೋಗುವುದಿಲ್ಲವೆ? ಮೊದಮೊದಲು ಇವು ಎರಡು ಬೇರೆ ಬೇರೆ ಪ್ರಶ್ನೆಗಳೆಂದು ತೋರುತ್ತಿದ್ದವು. ಈಚೆಗೆ ಎರಡಕ್ಕೂ ಉತ್ತರ ಒಂದೇ ಕಡೆ ಇದೆಯೆಂದು ಅನ್ನಿಸತೊಡಗಿದೆ. ಓಡುವ ದಿನಗಳಿಗಿಂತ ಹೆಚ್ಚಾಗಿ, ಓಡಲಾಗದ ದಿನಗಳನ್ನು ಹೇಗೆ ಕಳೆಯುತ್ತೇವೆಂಬುದರಲ್ಲಿ ಆ ಉತ್ತರವಿದೆ.

ನಮ್ಮ ದಾರಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದ್ದು. ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರ ಹೆಸರು ಹೊತ್ತ ಪಾವಟೆ ನಗರದಲ್ಲಿ ಏರು ಉಂಟು, ಇಳಿಜಾರು ಉಂಟು, ನೆರಳಿಗೆ ಮರಗಳಿವೆ. ಏರು ಬಂದಾಗ ನಡೆಯುತ್ತೇವೆ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದು ಮಾಡುತ್ತೇವೆ. ಭಾನುವಾರ ಕೆಲಗೇರಿ ಕೆರೆಯ ಕಡೆಗೆ ಹೋಗುವುದುಂಟು. ವಾರದಲ್ಲಿ ಓಟ ನಾಲ್ಕೇ ದಿನ. ಎರಡು ದಿನ ನಡಿಗೆ ಮತ್ತು ಕಾಲುಗಳಿಗೆ ಬಲ ಬರುವ ವ್ಯಾಯಾಮ. ಸೋಮವಾರ ಪೂರ್ಣ ಬಿಡುವು. ಅಂದು ಪೂಜೆಗೆ ಹೆಚ್ಚು ಹೊತ್ತು ಸಿಗಲೆಂಬ ಆಸೆಯೂ ಅದರ ಹಿಂದೆ ಇದೆ.

ಆರಂಭದಲ್ಲಿ ಎದುರಾದ ಒಂದು ತೊಡಕನ್ನು ಬೇರೆ ಪತ್ರಿಕೆಗಳವರು ಬರೆಯುವುದು ಕಷ್ಟ. ಕೊರಳಲ್ಲಿರುವ ಬೆಳ್ಳಿಯ ಕರಡಿಗೆ ಓಡುವಾಗ ಹೆಜ್ಜೆಹೆಜ್ಜೆಗೂ ಎದೆಗೆ ಬಡಿಯುತ್ತದೆ. ಇಷ್ಟಲಿಂಗವನ್ನು ತೆಗೆದಿಟ್ಟು ಹೋಗುವ ಮಾತೇ ಇಲ್ಲ. ಕೈಯಲ್ಲಿ ಹಿಡಿದು ಓಡಿದರೆ ತೋಳು ಸೆಡೆತು ಭುಜ ನೋಯುತ್ತದೆ. ಶ್ರೀಶೈಲಕ್ಕೆ ಹಲವು ಬಾರಿ ಪಾದಯಾತ್ರೆ ಮಾಡಿದ ನಮ್ಮ ಓಣಿಯ ಅಜ್ಜಿಯೊಬ್ಬರು ಇದಕ್ಕೆ ಉಪಾಯ ಹೇಳಿಕೊಟ್ಟರು. ಲಿಂಗವನ್ನು ಮಡಿ ಲಿಂಗವಸ್ತ್ರದಲ್ಲಿ ಸುತ್ತಿ, ಶಿವದಾರವನ್ನು ಗಿಡ್ಡ ಮಾಡಿ, ಅದರ ಮೇಲೆ ಮೆತ್ತನೆಯ ಅರಿವೆಯೊಂದನ್ನು ಎದೆಗೆ ಅಡ್ಡಲಾಗಿ ಕಟ್ಟಿಕೊಳ್ಳುವುದು. ಈಗ ನಾವೆಲ್ಲರೂ ಹಾಗೆಯೇ ಕಟ್ಟಿಕೊಳ್ಳುತ್ತೇವೆ. ಮರಳಿ ಬಂದು ಸ್ನಾನ ಮಾಡಿ ಪೂಜೆಗೆ ಕುಳಿತಾಗ ಉಸಿರು ತಾನಾಗಿ ನಿಧಾನಗೊಂಡು ಮನಸ್ಸು ಬೇಗ ನಿಲ್ಲುತ್ತದೆಂಬುದು ನಮ್ಮೆಲ್ಲರ ಅನುಭವ.

ಮೊದಲ ದಿನಗಳಲ್ಲಿ ನಾವು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಿದ್ದೆವು. ಇದನ್ನು ಕಂಡು ನಕ್ಕವರಿಗೆ ಕೊರತೆಯಿರಲಿಲ್ಲ. ಆದರೆ ಓಟದ ನಡುವೆ ನಡಿಗೆಯನ್ನು ಸೇರಿಸುವ ಈ ಕ್ರಮವನ್ನು ಸಾಮಾನ್ಯ ಜನರಲ್ಲಿ ಪ್ರಚಾರಕ್ಕೆ ತಂದವರು, ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಹತ್ತು ಸಾವಿರ ಮೀಟರು ಓಡಿದ ಅಮೆರಿಕದ ಜೆಫ್ ಗ್ಯಾಲೋವೇ. ಒಲಿಂಪಿಕ್ ಓಟಗಾರನಿಗೆ ನಾಚಿಕೆಯಾಗದ ಕ್ರಮ ನಮಗೇಕೆ ನಾಚಿಕೆಯಾಗಬೇಕು? ವೇಗಕ್ಕೆ ನಮ್ಮ ಅಳತೆಗೋಲು ಒಂದೇ: ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತನಾಡಲು ಉಸಿರು ಸಾಲಬೇಕು. ಸಾಲದಿದ್ದರೆ ನಡೆಯಬೇಕು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲದ ತುಣುಕನ್ನೋ ಇಟ್ಟುಕೊಂಡಿರುತ್ತಾರೆ. ಓಟದಿಂದ ಬಂದೊಡನೆ ಅಂಗಾಲನ್ನು ನೋಡಿಕೊಳ್ಳುವುದೂ ಅವರಿಗೆ ಕಡ್ಡಾಯ, ಏಕೆಂದರೆ ಗಾಯವಾದರೂ ಅವರಿಗೆ ಎಷ್ಟೋ ಸಲ ತಿಳಿಯುವುದಿಲ್ಲ.

ಇನ್ನು ಏಳುವ ಮನಸ್ಸಿನ ವಿಚಾರ. ಉತ್ಸಾಹವೆಂಬುದು ಮೂರು ತಿಂಗಳ ಅತಿಥಿ. ಮೊದಲು ತೂಕ ಇಳಿಯುತ್ತದೆ, ಉಡುಪು ಸಡಿಲವಾಗುತ್ತದೆ, ಕಂಡವರೆಲ್ಲ ಹೊಗಳುತ್ತಾರೆ. ಆಮೇಲೆ ತೂಕ ಇಳಿಯುವುದು ನಿಲ್ಲುತ್ತದೆ, ಹೊಗಳುವವರೂ ಸುಮ್ಮನಾಗುತ್ತಾರೆ. ಜೂನ್ ಬಂದರೆ ಧಾರವಾಡದ ಜಿಟಿಜಿಟಿ ಮಳೆ. ಬೆಳಗಿನ ಐದೂವರೆಗೆ ಕಂಬಳಿಯಿಂದ ಕಾಲು ಹೊರಗಿಡಲು ಯಾರಿಗೂ ಇಷ್ಟವಿರುವುದಿಲ್ಲ. ಶ್ರಾವಣದಲ್ಲಿ ಮಠದ ಪುರಾಣ ಮುಗಿದು ಮನೆಗೆ ಬರುವಾಗ ರಾತ್ರಿ ಹತ್ತು ಗಂಟೆ. ಬೇಸಗೆಯಲ್ಲಿ ಮದುವೆಗಳು. ಹೀಗೆ ವರ್ಷದ ಯಾವ ತಿಂಗಳಿಗೂ ಒಂದು ನೆವ ಸಿದ್ಧವಾಗಿಯೇ ಇರುತ್ತದೆ.

ಇಂಥ ಒಂದು ಮಳೆಗಾಲದಲ್ಲಿ ಕಾಕಾ ಹೇಳಿದ ಮಾತು ನಮಗೆ ದಾರಿ ತೋರಿಸಿತು. "ಪೂಜಿಗೆ ಕೂಡೂ ಮುಂದ ಇವತ್ತ ಮನಸ್ಸೈತೇನು ಅಂತ ಯಾರರ ಕೇಳ್ಕೋತಾರೇನು?" ಎಂದರು. ನಿಜ. ಪೂಜೆ ನೇಮವಾದುದರಿಂದ ಮನಸ್ಸಿನ ಅಪ್ಪಣೆಗಾಗಿ ಕಾಯುವುದಿಲ್ಲ; ಕುಳಿತ ಮೇಲೆ ಮನಸ್ಸು ತಾನೇ ಹಿಂದೆ ಬರುತ್ತದೆ. ಅಂದಿನಿಂದ ನಮ್ಮ ನೇಮ ಇಷ್ಟೇ: ಬೂಟು ಹಾಕಿಕೊಂಡು ಓಣಿಯ ಮೂಲೆಯ ಬೇವಿನ ಕಟ್ಟೆಯವರೆಗೆ ಬರಬೇಕು. ಬಂದ ಮೇಲೆ ಮನೆಗೆ ಮರಳಲು ಸಂಪೂರ್ಣ ಸ್ವಾತಂತ್ರ್ಯವಿದೆ. ಐದು ವರ್ಷಗಳಲ್ಲಿ ಕಟ್ಟೆಯಿಂದ ಮರಳಿ ಹೋದವರನ್ನು ಬೆರಳೆಣಿಸಿ ಹೇಳಬಹುದು.

ಕೈಗಡಿಯಾರದಲ್ಲೂ ಮೊಬೈಲಿನಲ್ಲೂ ಈಗ ಹೆಜ್ಜೆ ಎಣಿಸುವ ಸೌಲಭ್ಯವಿದೆ. ಅದು ಬೇಡವೆಂದಲ್ಲ. ಆದರೆ ಅಂಕಿಗಳನ್ನು ಹೋಲಿಸತೊಡಗಿದರೆ ನಿಧಾನದವರಿಗೆ ಬೇಸರ, ವೇಗದವರಿಗೆ ಬಿಂಕ. ಗುಂಪು ಒಡೆಯಲು ಅಷ್ಟು ಸಾಕು. ನಾವು ಇಟ್ಟುಕೊಂಡಿರುವುದು ಇನ್ನೂರು ಪುಟದ ಒಂದು ಶಾಲಾ ನೋಟುಪುಸ್ತಕ. ದಿನಾಂಕ, ಎಷ್ಟು ದೂರ, ಕಾಲು ಹೇಗಿತ್ತು ಎಂದು ಪ್ರತಿಯೊಬ್ಬರೂ ಒಂದು ಸಾಲು ಬರೆಯಬೇಕು. ಬರೆಯಿಸುವ ಭಾರ ಅಕ್ಕೋರದು. ಬರೆಯದವರನ್ನು ಅವರು ಶಾಲೆಯ ಧ್ವನಿಯಲ್ಲಿಯೇ ಗದರಿಸುತ್ತಾರೆ.

ಈಗ ಮೊಣಕಾಲಿನ ಮಾತು. ಓಡಿದರೆ ಕೀಲು ಸವೆಯುತ್ತದೆಂಬ ಭಯ ನಮ್ಮಲ್ಲಿ ಬಹಳ ಬೇರೂರಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ೧೯೮೪ರಲ್ಲಿ ಐವತ್ತು ದಾಟಿದ ಓಟಗಾರರ ಒಂದು ಗುಂಪನ್ನೂ ಓಡದವರ ಒಂದು ಗುಂಪನ್ನೂ ಆರಿಸಿಕೊಂಡು ಸುಮಾರು ಎರಡು ದಶಕಗಳ ಕಾಲ ಗಮನಿಸಿದರು. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರಿಗೆ ಅಚ್ಚರಿ ತಂದಿತು. ನಿತ್ಯದ ಕೆಲಸಗಳಿಗೆ ಇನ್ನೊಬ್ಬರ ಆಸರೆ ಬೇಕಾಗುವ ಸ್ಥಿತಿ ಓಟಗಾರರಿಗೆ ಬಹು ತಡವಾಗಿ ಬಂದಿತ್ತು. ಮೊಣಕಾಲಿನ ಸವೆತವೂ ಅವರಲ್ಲಿ ಹೆಚ್ಚಿರಲಿಲ್ಲ. ಮೊದಲೇ ಸವೆದ ಅಥವಾ ಪೆಟ್ಟು ತಿಂದ ಮೊಣಕಾಲಿರುವವರು ವೈದ್ಯರನ್ನು ಕೇಳಿಯೇ ಹೆಜ್ಜೆ ಇಡಬೇಕು. ಉಳಿದವರು ಸುಮ್ಮನೆ ಹೆದರಬೇಕಾಗಿಲ್ಲ.

ಹಾಗೆಂದು ನೋವು ಬರುವುದೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಒಂದು ಕಿಲೋಮೀಟರಿಗೆ ಸಾವಿರಕ್ಕೂ ಮೇಲ್ಪಟ್ಟು ಹೆಜ್ಜೆಗಳು. ಹೃದಯ, ಶ್ವಾಸಕೋಶಗಳು ಈ ಕೆಲಸಕ್ಕೆ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು "ಇನ್ನೂ ಓಡು" ಎನ್ನುತ್ತಿರುವಾಗ ಕಾಲು "ಸಾಕು" ಎನ್ನುವುದು ಈ ಕಾರಣದಿಂದಲೇ.

ಬ್ಯಾಂಕಿನ ತಂಗಿಗೆ ಮಂಡಿಚಿಪ್ಪಿನ ಸುತ್ತ ನೋವು ಬಂತು. ಮೆಟ್ಟಿಲು ಇಳಿಯುವಾಗ ಮತ್ತು ಬಹಳ ಹೊತ್ತು ಕಾಲು ಮಡಚಿ ಕುಳಿತು ಏಳುವಾಗ ಹೆಚ್ಚು. ಓಟಗಾರರಲ್ಲಿ ಇದು ತೀರ ಸಾಮಾನ್ಯ. ಫಿಸಿಯೋಥೆರಪಿಯವರು ಓಟ ಪೂರ್ತಿ ಬಿಡಿಸಲಿಲ್ಲ. ದೂರ ಅರ್ಧಕ್ಕಿಳಿಸಿ, ತೊಡೆ ಮತ್ತು ಸೊಂಟದ ಪಕ್ಕದ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟರು. ಗೋಡೆಗೆ ಬೆನ್ನು ಆನಿಸಿ ಅರ್ಧ ಕುಳಿತು ನಿಲ್ಲುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸುವುದು, ಇಷ್ಟೇ. ಪೂಜೆಗೆ ನೆಲದ ಮೇಲೆ ಕುಳಿತರೆ ನೋಯುತ್ತದೆಂದು ಎರಡು ತಿಂಗಳು ಎತ್ತರದ ಮಣೆಯ ಮೇಲೆ ಕುಳಿತಳು. ಅತ್ತೆಯವರು ತಾವೇ ಆ ಮಣೆಯನ್ನು ಹುಡುಕಿ ತಂದುಕೊಟ್ಟರೆಂಬುದನ್ನು ಇಲ್ಲಿ ಹೇಳಲೇಬೇಕು.

ಇನ್ನೊಬ್ಬ ಸೋದರಿಗೆ ಹಿಮ್ಮಡಿಯ ನೋವು. ಅಂಗಾಲಿನ ಉದ್ದಕ್ಕೂ ಹಬ್ಬಿರುವ ಗಟ್ಟಿ ಪೊರೆ ಹಿಮ್ಮಡಿಗೆ ಅಂಟಿಕೊಳ್ಳುವಲ್ಲಿ ಈ ನೋವು ಹುಟ್ಟುತ್ತದೆ. ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ನಾಲ್ಕು ಹೆಜ್ಜೆ ಮುಳ್ಳಿನ ಮೇಲೆ ಇಟ್ಟಂತೆ. ಸ್ವಲ್ಪ ಓಡಾಡಿದರೆ ಕಡಿಮೆ. ಗಟ್ಟಿ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ ಎಂದರು ವೈದ್ಯರು. ನಮ್ಮ ಮನೆಗಳಲ್ಲಿ ಅಡುಗೆಮನೆಗೆ ಚಪ್ಪಲಿ ಒಯ್ಯುವುದುಂಟೆ? ಕೊನೆಗೆ ಒಲೆಯ ಮುಂದೆ ದಪ್ಪ ರಬ್ಬರಿನ ಚಾಪೆ ಹಾಸಿದರು. ಮೀನಖಂಡವನ್ನೂ ಅಂಗಾಲನ್ನೂ ಹಿಗ್ಗಿಸುವ ವ್ಯಾಯಾಮ, ನೀರು ತುಂಬಿದ ಬಾಟಲಿಯನ್ನು ಅಂಗಾಲಿನಡಿ ಉರುಳಿಸುವುದು. ಹೀಗೆ ಏಳೆಂಟು ತಿಂಗಳು ಹಿಡಿಯಿತು. ಈ ನೋವಿಗೆ ಅವಸರವೆಂಬುದೇ ಗೊತ್ತಿಲ್ಲ.

ಕಾಕಾ ಅವರದು ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜಿನ ನೋವು. ಜನ ನರವೆಂದೇ ಕರೆಯುವ ಭಾಗ. ಇದರ ಚಿಕಿತ್ಸೆಯ ಹಿಂದೆ ಸ್ವಾರಸ್ಯದ ಕಥೆಯಿದೆ. ಸ್ವೀಡನ್ನಿನ ಮೂಳೆತಜ್ಞ ಹೋಕನ್ ಆಲ್ಫ್ರೆಡ್ಸನ್ ಅವರಿಗೆ ಸ್ವತಃ ಈ ನೋವಿತ್ತು. ಶಸ್ತ್ರಚಿಕಿತ್ಸೆ ಕೇಳಿದರೆ ಮೇಲಧಿಕಾರಿ ಒಪ್ಪಲಿಲ್ಲ. ರಜ್ಜು ಹರಿದೇ ಹೋದರೆ ಒಪ್ಪಲೇಬೇಕಲ್ಲ ಎಂದು ಅವರು ಅದರ ಮೇಲೆ ಬೇಕೆಂದೇ ಭಾರ ಹಾಕತೊಡಗಿದರಂತೆ. ಹರಿಯುವ ಬದಲು ಅದು ವಾಸಿಯಾಯಿತು! ೧೯೯೮ರಲ್ಲಿ ಅವರು ಹವ್ಯಾಸಿ ಕ್ರೀಡಾಪಟುಗಳಾದ ಹದಿನೈದು ಮಂದಿಯ ಮೇಲೆ ಹನ್ನೆರಡು ವಾರ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಎಲ್ಲರೂ ಮತ್ತೆ ಓಡಿದರು. ಮೆಟ್ಟಿಲ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು, ನೋವಿರುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮೇಲೇರಲು ಇನ್ನೊಂದು ಕಾಲಿನ ಸಹಾಯ. ಹದಿನೈದರಂತೆ ಮೂರು ಸಲ, ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಬಾಗಿಸಿ ಒಮ್ಮೆ. ಇದನ್ನು ದಿನಕ್ಕೆರಡು ಹೊತ್ತು. ವೈದ್ಯರಿಂದ ಕಲಿತು ಕಾಕಾ ಇದನ್ನು ಮನೆಯ ಮೆಟ್ಟಿಲ ಮೇಲೆ ಪಂಚಾಕ್ಷರಿಯ ಜಪದೊಡನೆ ಮಾಡುತ್ತಾರೆ. ಎಣಿಕೆ ತಪ್ಪುವುದಿಲ್ಲವಂತೆ.

ಮಂಜುಗಡ್ಡೆಯ ಬಗೆಗೂ ಒಂದು ಮಾತು. ಪೆಟ್ಟಿಗೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿ ಪಟ್ಟಿ, ಕಾಲು ಎತ್ತರಕ್ಕಿಡುವುದು ಎಂಬ ಸೂತ್ರವನ್ನು ೧೯೭೮ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಮುಂದೆ, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ತಿದ್ದಿಕೊಂಡರು. ನೋವು ತಗ್ಗಿಸಲು ಸ್ವಲ್ಪ ಹೊತ್ತು ಇಟ್ಟುಕೊಳ್ಳಬಹುದು, ಅಷ್ಟೆ. ಕಾಲಿನ ಗುಳ್ಳೆಗಳ ವಿಷಯದಲ್ಲಿ ಮಾತ್ರ ನಾವು ಪುಸ್ತಕ ನೋಡುವುದಿಲ್ಲ. ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆಂದು ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಂದ ಶ್ರೀಶೈಲದವರೆಗೆ ನಡೆದು ಬಂದ ಹಿರಿಯರಿಗಿಂತ ಬಲ್ಲವರು ಯಾರು? ಗುಳ್ಳೆಯ ಮೇಲಿನ ಚರ್ಮ ಕೀಳಬೇಡಿ, ಶುಚಿಯಾದ ಬಟ್ಟೆ ಕಟ್ಟಿ, ಒದ್ದೆ ಕಾಲಿಗೆ ಜೋಡು ಹಾಕಬೇಡಿ ಎಂಬ ಅವರ ಮಾತನ್ನು ವೈದ್ಯರೂ ಒಪ್ಪುತ್ತಾರೆ. "ನಡಿಯೂ ದಾರಿ ಆಮ್ಯಾಗ, ಕೂಡೂ ಜಾಗಾ ಮೊದ್ಲ ನೋಡ್ಕೋಬೇಕವಾ" ಎಂದು ಅದೇ ಅಜ್ಜಿ ಹೇಳಿದ್ದರು. ಅವರ ತಂಡದಲ್ಲಿ ಒಬ್ಬರ ಕಾಲು ಬಾತರೆ ಎಲ್ಲರೂ ಒಂದು ದಿನ ತಂಗುತ್ತಿದ್ದರಂತೆ.

ಆ ಮಾತಿನ ಬೆಲೆ ನಮಗೆ ತಿಳಿದದ್ದು ಅಕ್ಕೋರ ಪ್ರಸಂಗದಲ್ಲಿ.

ಅಕ್ಕೋರಿಗೆ ಐವತ್ತನಾಲ್ಕು. ಯಜಮಾನರು ಲಿಂಗೈಕ್ಯರಾಗಿ ಒಂದು ವರ್ಷ ತುಂಬಿದ ಮೇಲೆ ನಮ್ಮೊಡನೆ ಬರತೊಡಗಿದರು. ಶಾಲೆಯಲ್ಲಿ ಹೊತ್ತು ಹೋಗುತ್ತಿತ್ತು, ಸಂಜೆ ನೆರೆಹೊರೆಯವರಿದ್ದರು; ಬೆಳಗಿನ ಜಾವ ಎಚ್ಚರವಾದ ಮೇಲಿನ ಎರಡು ಗಂಟೆ ಮಾತ್ರ ಅವರಿಗೆ ದಾಟಲಾಗದ ಹೊಳೆಯಾಗಿತ್ತು. ಓಟ ಆ ಎರಡು ಗಂಟೆಗಳನ್ನು ತುಂಬಿತು. ಪಂಜಾಬಿನ ಫೌಜಾ ಸಿಂಗರ ಬಗ್ಗೆ ಓದಿ ನಮಗೆ ಹೇಳಿದವರು ಅವರೇ. ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟ ಹಿಡಿದ ಆ ಸಸ್ಯಾಹಾರಿ ವೃದ್ಧರು ೨೦೦೦ದಲ್ಲಿ, ಎಂಬತ್ತೊಂಬತ್ತರ ವಯಸ್ಸಿನಲ್ಲಿ ಲಂಡನ್ನಿನ ಮ್ಯಾರಥಾನ್ ಮುಗಿಸಿದರು. ೨೦೧೧ರಲ್ಲಿ, ನೂರರ ವಯಸ್ಸಿನಲ್ಲಿ ಟೊರಾಂಟೊದಲ್ಲಿ ೪೨.೧೯೫ ಕಿಲೋಮೀಟರು ಪೂರೈಸಿದರು. ಜನನ ಪತ್ರವಿಲ್ಲದ್ದರಿಂದ ಗಿನ್ನೆಸ್‌ನವರು ದಾಖಲಿಸಲಿಲ್ಲ. ೨೦೨೫ರ ಜುಲೈಯಲ್ಲಿ ತಮ್ಮ ಊರಿನ ಬಳಿ ರಸ್ತೆ ದಾಟುವಾಗ ವಾಹನ ಬಡಿದು ಅವರು ತೀರಿಕೊಂಡ ಸುದ್ದಿ ಬಂದ ದಿನ ಅಕ್ಕೋರು ಬಹಳ ಹೊತ್ತು ಮಾತನಾಡಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಎಡಗಾಲಿನ ಮುಂದಿನ ಎಲುಬು ನೋಯತೊಡಗಿತು. ಮುಂಗಾಲಿನ ಎಲುಬಿನ ಒಳಬದಿಯಲ್ಲಿ ಉದ್ದಕ್ಕೂ ಹರಡಿದ ನೋವು ಹೊಸ ಓಟಗಾರರಲ್ಲಿ ಸಾಮಾನ್ಯ; ಓಟ ಕಡಿಮೆ ಮಾಡಿದರೆ ಇಳಿಯುತ್ತದೆ. ಇವರದು ಹಾಗಿರಲಿಲ್ಲ. ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗ, ರಾತ್ರಿ ಮಲಗಿದಾಗಲೂ ನೋವು. ಮೊದಲು ತೋರಿಸಿದ ಕಡೆ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ವಯಸ್ಸಾತಲ್ರೀ, ಓಡೂದು ಬಿಟ್ಟುಬಿಡ್ರಿ" ಎಂದು ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಹುಬ್ಬಳ್ಳಿಯ ಇನ್ನೊಬ್ಬ ಮೂಳೆತಜ್ಞರು ನಮ್ಮ ನೋಟುಪುಸ್ತಕವನ್ನು ತಿರುವಿ ಹಾಕಿದರು. ಹದಿನೈದು ದಿನಗಳಲ್ಲಿ ಅದೇ ಕಾಲು, ಅದೇ ಜಾಗ ಆರು ಸಲ. ಎಂ.ಆರ್.ಐ. ಮಾಡಿಸಿದರು, ಎಲುಬಿನಲ್ಲಿ ಸೂಕ್ಷ್ಮ ಬಿರುಕು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದಿರುವುದು ಸಾಮಾನ್ಯವೆಂದು ವಿವರಿಸಿದರು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ತೆಳುವಾಗುತ್ತದೆ. ರಕ್ತಪರೀಕ್ಷೆಯಲ್ಲಿ ಡಿ ಜೀವಸತ್ವವೂ ತೀರ ಕಡಿಮೆ ಬಂತು. ಇಷ್ಟು ಬಿಸಿಲಿನ ನಾಡಿನಲ್ಲಿ ಈ ಕೊರತೆ ಮನೆಮನೆಯಲ್ಲೂ ಇದೆಯೆಂಬುದು ವಿಚಿತ್ರವಾದರೂ ಸತ್ಯ. ನಡುವಯಸ್ಸಿನ ತಾಯಂದಿರು ಓಡಲಿ ಬಿಡಲಿ, ಎಲುಬಿನ ಸಾಂದ್ರತೆಯನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು.

ಎರಡು ತಿಂಗಳು ಓಟ ಪೂರ್ತಿ ಬಂದ್. ವೈದ್ಯರ ಮಾತು ಕೇಳಿ ಹೊರಬಂದಾಗ ಅಕ್ಕೋರು ಕಾಲಿನ ಬಗ್ಗೆ ಏನೂ ಕೇಳಲಿಲ್ಲ. "ಹಂಗಾದ್ರ ಮುಂಜಾನೆ ನಾ ಏನು ಮಾಡಲಿ?" ಎಂದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಮರುದಿನ ಐದೂವರೆಗೆ ಅವರು ಬೇವಿನ ಕಟ್ಟೆಯ ಮೇಲೆ ಕುಳಿತಿದ್ದರು, ಊರುಗೋಲು ಪಕ್ಕಕ್ಕಿತ್ತು. ಕಟ್ಟೆಯವರೆಗೆ ಬರುವುದಷ್ಟೇ ನೇಮ, ಅದನ್ನು ಮಾಡಿದ್ದೇನೆ ಎಂದರು. ಅಂದಿನಿಂದ ನಮ್ಮ ಓಟದ ದಾರಿ ಬದಲಾಯಿತು. ದೂರ ಹೋಗದೆ ಕಟ್ಟೆಯನ್ನು ಹಾದುಹೋಗುವ ಚಿಕ್ಕ ಸುತ್ತುಗಳನ್ನೇ ಹಾಕಿದೆವು. ಪ್ರತಿ ಸುತ್ತಿನಲ್ಲೂ ಅವರು ಸಮಯ ಹೇಳುವರು, ನೀರು ಕೊಡುವರು, ಬ್ಯಾಂಕಿನ ತಂಗಿ ಹೆಜ್ಜೆ ಎಳೆಯುತ್ತಿದ್ದರೆ ನಿಲ್ಲಿಸಿ ನಡೆಯಿಸುವರು. ಕುಳಿತಲ್ಲಿಯೇ ತೋಳಿನ ವ್ಯಾಯಾಮ ಮಾಡುವರು. ನೋಟುಪುಸ್ತಕದಲ್ಲಿ ತಮ್ಮ ಸಾಲನ್ನು ಒಂದು ದಿನವೂ ಖಾಲಿ ಬಿಡಲಿಲ್ಲ: "ಓಟ ಇಲ್ಲ. ಬಂದಿದ್ದೇನೆ." ಅರವತ್ತಮೂರು ದಿನ ಅದೇ ಎರಡು ವಾಕ್ಯ. ಆ ಎರಡು ತಿಂಗಳಲ್ಲಿ ಉಳಿದ ಆರು ಜನರಲ್ಲಿ ಒಬ್ಬರೂ ಕಾರಣವಿಲ್ಲದೆ ತಪ್ಪಿಸಿಕೊಂಡದ್ದಿಲ್ಲ. ಕಟ್ಟೆಯ ಮೇಲೆ ಊರುಗೋಲಿನವರು ಕಾಯುತ್ತಿರುವಾಗ ಕಂಬಳಿ ಹೊದ್ದು ಮಲಗುವುದು ಯಾರಿಗೆ ಸಾಧ್ಯ?

ಊರುಗೋಲು ಬಿಟ್ಟ ಮೇಲೆ ಒಂದು ತಿಂಗಳು ಬರೀ ನಡಿಗೆ. ಊಟದಲ್ಲಿ ರಾಗಿ, ಎಳ್ಳು, ಮೊಸರು, ಮೊಳಕೆಕಾಳು ಹೆಚ್ಚಿಸಿದ್ದಾರೆ. ವೈದ್ಯರು ಕೊಟ್ಟ ಮಾತ್ರೆಗಳೂ ನಡೆದಿವೆ. ಈಗ ಒಂದು ನಿಮಿಷ ಓಡಿ ನಾಲ್ಕು ನಿಮಿಷ ನಡೆಯುತ್ತಾರೆ. ಎಲುಬು ನೋಯದಿದ್ದರೆ ಮಾತ್ರ ವಾರಕ್ಕೊಮ್ಮೆ ಓಟವನ್ನು ಅರ್ಧ ನಿಮಿಷ ಏರಿಸಬೇಕೆಂದು ಅಪ್ಪಣೆಯಾಗಿದೆ. ಕಾಕಾ ಅವರ ಮೆಟ್ಟಿಲ ವ್ಯಾಯಾಮಕ್ಕೆ ಇನ್ನೂ ಮೂರು ವಾರ ಬಾಕಿ ಇರುವುದರಿಂದ ಈಗ ಅವರಿಬ್ಬರೂ ಜೊತೆಯವರು, ನಾವು ಐವರು ಮುಂದೆ ಹೋಗಿ ಮರಳಿ ಬಂದು ಅವರನ್ನು ಕೂಡಿಕೊಳ್ಳುತ್ತೇವೆ. ಮಾಘದಲ್ಲಿ ಉಳವಿಯ ಜಾತ್ರೆಗೆ ಹೊರಡುವ ಚಕ್ಕಡಿಗಳ ಜೊತೆ ಒಂದು ದಿನದ ದಾರಿಯನ್ನಾದರೂ ನಡೆಯಬೇಕೆಂಬುದು ಅಕ್ಕೋರ ಬಯಕೆ. ವೈದ್ಯರನ್ನು ಕೇಳಿದ್ದೇವೆ. ಮುಂದಿನ ತಿಂಗಳು ಕಾಲು ನೋಡಿ ಹೇಳುತ್ತೇನೆಂದಿದ್ದಾರೆ.